ದೊಡ್ಡಾಸ್ಪತ್ರೆಯೋ, ಬೀದಿ ಕೊನೆಯ ನರ್ಸಿಂಗ್ ಹೋಮೋ

ನಮ್ಮ ಹನುಮಂತನಗರದಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಹುಷಾರು ತಪ್ಪಿದರೆ ಎರಡೇ ಮಾತು ಕೇಳುತ್ತವೆ. ಒಂದು, "ಬೆಳಗಾಗಲಿ, ನೋಡೋಣ." ಇನ್ನೊಂದು, "ಸುಮ್ನೆ ಯೋಚನೆ ಮಾಡ್ಬೇಡಿ, ದೊಡ್ಡಾಸ್ಪತ್ರೆಗೆ ಹಾಕ್ಕೊಂಡು ಹೋಗಿ." ಮೊದಲನೆಯದನ್ನು ಹೇಳುವುದು ಸಾಮಾನ್ಯವಾಗಿ ಹುಷಾರಿಲ್ಲದವರೇ. ಎರಡನೆಯದನ್ನು ಹೇಳುವುದು ಅಕ್ಕಪಕ್ಕದವರು. ಇವೆರಡರ ನಡುವೆ ಇನ್ನೊಂದು ದಾರಿ ಇದೆ ಅನ್ನುವುದು ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಆ ದಾರಿ ನಮ್ಮ ಬೀದಿ ಕೊನೆಯಲ್ಲೇ ಇದೆ. ಹಳೇ ಮನೆಯೊಂದನ್ನು ಒಡೆದು ಕಟ್ಟಿದ ಮೂರು ಅಂತಸ್ತಿನ ನರ್ಸಿಂಗ್ ಹೋಮ್. ಕೆಳಗೆ ಮೆಡಿಕಲ್ ಸ್ಟೋರ್, ಪಕ್ಕದಲ್ಲಿ ಎಳನೀರು ಗಾಡಿ. ರಾತ್ರಿಯಿಡೀ ಒಬ್ಬರು ಡ್ಯೂಟಿ ಡಾಕ್ಟರ್, ಒಂದಿಬ್ಬರು ಸಿಸ್ಟರ್ ಇರುತ್ತಾರೆ. ಹೊಲಿಗೆ ಹಾಕುತ್ತಾರೆ, ಡ್ರಿಪ್ ಏರಿಸುತ್ತಾರೆ, ಉಬ್ಬಸಕ್ಕೆ ನೆಬ್ಯುಲೈಸರ್ ಇಡುತ್ತಾರೆ, ಇಸಿಜಿ ತೆಗೆಯುತ್ತಾರೆ. ಹಿಂದೆ ನನ್ನ ಮಗ ಹಲಸಿನ ಹಣ್ಣಿನ ಮೇಲೆ ಚಾಕು ಆಡಿಸಲು ಹೋಗಿ ಹೆಬ್ಬೆರಳು ಕುಯ್ದುಕೊಂಡಿದ್ದ. ಬೆರಳು ಮಡಚಲು ಬರುತ್ತಿತ್ತು, ತುದಿ ಮುಟ್ಟಿದರೆ ಗೊತ್ತಾಗುತ್ತಿತ್ತು. ಡಾಕ್ಟರ್ ಅದೆರಡನ್ನು ನೋಡಿ, "ನರ, ಸ್ನಾಯು ಸರಿ ಇವೆ, ಇಲ್ಲೇ ಹೊಲಿಯೋಣ" ಅಂದರು. ಟಿಟಿ ಚುಚ್ಚಿಸಿಕೊಂಡು ನಾವು ಮನೆಗೆ ಬಂದಾಗ ಸ್ಟವ್ ಮೇಲಿನ ಸಾರು ಇನ್ನೂ ಬಿಸಿ ಇತ್ತು.

ಹಾಗಾಗಿ ಆ ಭಾನುವಾರ ರಾತ್ರಿ ಅಪ್ಪ ಬಚ್ಚಲಲ್ಲಿ ಬಿದ್ದಾಗ ನನ್ನ ಕಾಲು ಮೊದಲು ತಿರುಗಿದ್ದು ಆ ಕಡೆಗೇ.

ಅಪ್ಪನಿಗೆ ಎಪ್ಪತ್ತು ದಾಟಿದೆ. ಸದ್ದು ಕೇಳಿ ಓಡಿದರೆ, ಕೆಳಗೆ ಕೂತಿದ್ದರು. ಎಡಗಣ್ಣಿನ ಹುಬ್ಬಿನ ಮೇಲೆ ಸೀಳಿತ್ತು. ನಲ್ಲಿಯ ಅಂಚು ತಗುಲಿತ್ತು. ಹಣೆಯ ಗಾಯ ನೋಡಿದವರಿಗೆ ಗೊತ್ತು, ಅಲ್ಲಿ ಚೂರು ಕುಯ್ದರೂ ರಕ್ತ ಜಾಸ್ತಿ ಬರುತ್ತದೆ. ಬನಿಯನ್ ಪೂರ್ತಿ ಕೆಂಪಾಗಿತ್ತು. ಆದರೆ ಮಾತು ಸರಿಯಾಗಿತ್ತು. "ಏನಿಲ್ಲ, ಜಾರಿದೆ. ಅರಿಶಿನ ತಗೊಂಡು ಬಾ" ಅಂದರು. ಒಗೆದ ಪಂಚೆ ಮಡಚಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿದೆವು. ಹತ್ತು ನಿಮಿಷವಾದರೂ ಒಸರುವುದು ನಿಲ್ಲಲಿಲ್ಲ.

ಅದೇ ಹೊತ್ತಿಗೆ ಅಮೆರಿಕದ ಡಲ್ಲಾಸ್‌ನಿಂದ ತಂಗಿಯ ವಿಡಿಯೋ ಕಾಲ್ ಬಂತು. ಅವಳಿಗೆ ಅದು ಭಾನುವಾರದ ಬೆಳಿಗ್ಗೆ, ನಮಗೆ ರಾತ್ರಿ ಒಂಬತ್ತರ ಹತ್ತಿರ. ಅವಳ ಮೊದಲ ಪ್ರಶ್ನೆಯೇ, "ಅರ್ಜೆಂಟ್ ಕೇರಾ, ಇಆರಾ?" ಅವಳಿರುವ ಕಡೆ ಇದು ದಿನಬಳಕೆಯ ಪ್ರಶ್ನೆ. ಅರ್ಜೆಂಟ್ ಕೇರ್ ಅಂದರೆ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬಹುದಾದ ಕ್ಲಿನಿಕ್. ಉಳುಕು, ಕೆಮ್ಮು, ಸಣ್ಣ ಗಾಯ, ಎಕ್ಸ್‌ರೇ, ಹೊಲಿಗೆ, ಇವೆಲ್ಲ ಅಲ್ಲಿ ಆಗುತ್ತವೆ. ಸಾಮಾನ್ಯವಾಗಿ ರಾತ್ರಿ ಬಾಗಿಲು ಹಾಕುತ್ತಾರೆ. ಇಆರ್ ಅಂದರೆ ಆಸ್ಪತ್ರೆಯ ತುರ್ತು ವಿಭಾಗ, ದಿನದ 24 ಗಂಟೆಯೂ ತೆರೆದಿರುತ್ತದೆ. 1986ರಲ್ಲಿ ಬಂದ ಕಾನೂನಿನ ಪ್ರಕಾರ ಅಲ್ಲಿನ ಇಆರ್‌ನವರು, ದುಡ್ಡು ಇರಲಿ ಬಿಡಲಿ, ಬಂದವರನ್ನು ಪರೀಕ್ಷೆ ಮಾಡಿ ಜೀವಕ್ಕೆ ಅಪಾಯವಿದ್ದರೆ ಸಂಭಾಳಿಸಲೇಬೇಕು. ಬಿಲ್ ಆಮೇಲೆ ಮನೆಗೆ ಬರುತ್ತದೆ. ಆ ಬಿಲ್ ನೆನೆದೇ ಜನ ಅರ್ಜೆಂಟ್ ಕೇರ್ ಹುಡುಕುತ್ತಾರಂತೆ.

ಇಲ್ಲಿ ಆ ಬೋರ್ಡು ಕಾಣುವುದು ಅಪರೂಪ. ಆದರೆ ಆ ಕೆಲಸ ನಡೆಯುತ್ತದೆ. ಹಗಲಾದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದಾರೆ. ಸರ್ಕಾರದ ನಮ್ಮ ಕ್ಲಿನಿಕ್‌ಗಳಿವೆ, 2022ರ ಡಿಸೆಂಬರ್‌ನಲ್ಲಿ ಶುರುವಾದವು. ನೋಡುವುದೂ ಔಷಧಿಯೂ ಉಚಿತ. ಹೆಚ್ಚಿನವು ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ. ಭಾನುವಾರ ರಾತ್ರಿಗೆ ಉಳಿಯುವುದು ನರ್ಸಿಂಗ್ ಹೋಮ್ ಅಥವಾ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ.

ನರ್ಸಿಂಗ್ ಹೋಮ್‌ಗೆ ಹೊರಡುವ ಮೊದಲು ಫೋನ್ ಮಾಡಿದೆ. ಮಗನ ಹೆಬ್ಬೆರಳಿನ ಸಮಯದಲ್ಲಿ ನಂಬರ್ ಉಳಿಸಿಕೊಂಡಿದ್ದೆ. ಡ್ಯೂಟಿ ಡಾಕ್ಟರೇ ಎತ್ತಿದರು, ದನಿ ಕೇಳಿದರೆ ಚಿಕ್ಕ ವಯಸ್ಸಿನವರು. ಗಾಯದ ಬಗ್ಗೆ ಹೇಳಿದೆ. ಅವರು ಗಾಯದ ಬಗ್ಗೆ ಏನೂ ಕೇಳಲಿಲ್ಲ.

"ವಯಸ್ಸೆಷ್ಟು?"

ಹೇಳಿದೆ.

"ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ತಗೊಳ್ತಾರಾ?"

ತಗೊಳ್ಳುತ್ತಾರೆ. ಅಪ್ಪನಿಗೆ ಜಯದೇವದಲ್ಲಿ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಎಕೋಸ್ಪ್ರಿನ್, ಅದರ ಜೊತೆ ಕ್ಲೊಪಿಡೋಗ್ರೆಲ್.

"ಹಾಗಾದ್ರೆ ಇಲ್ಲಿಗೆ ಬರಬೇಡಿ ಮೇಡಂ. ಹೊಲಿಗೆ ನಾನೂ ಹಾಕ್ತೀನಿ, ಅದಲ್ಲ ವಿಷಯ. ಈ ವಯಸ್ಸಲ್ಲಿ ತಲೆಗೆ ಪೆಟ್ಟು, ಮೇಲೆ ಆ ಮಾತ್ರೆಗಳು. ಒಳಗೆ ರಕ್ತ ಒಸರ್ತಿದ್ರೆ ಹೊರಗಿಂದ ಗೊತ್ತಾಗಲ್ಲ. ಸಿಟಿ ಸ್ಕ್ಯಾನ್ ಬೇಕು. ನಮ್ಮಲ್ಲಿಲ್ಲ. ಸಿಟಿ ಇರೋ, ನ್ಯೂರೋ ಸರ್ಜನ್ ಸಿಗೋ ಕಡೆ ಸೀದಾ ಹೋಗಿ."

ಆ ರಾತ್ರಿಯ ಅತಿ ಉಪಯೋಗದ ವೈದ್ಯಕೀಯ ಸಲಹೆ ಇದೇ. ಖರ್ಚು ಒಂದು ಫೋನ್ ಕಾಲ್. ಎಲ್ಲರೂ ಗಾಯದ ಉದ್ದ ನೋಡುತ್ತಿದ್ದೆವು, ರಕ್ತ ನೋಡುತ್ತಿದ್ದೆವು. ಅವರು ಬಿದ್ದ ಮನುಷ್ಯ ಯಾರು ಅಂತ ನೋಡಿದರು. ಇದೇ ಗಾಯ ನನ್ನ ಮಗನಿಗಾಗಿದ್ದರೆ, ಅವನು ಪ್ರಜ್ಞೆ ತಪ್ಪದೆ, ವಾಂತಿ ಮಾಡದೆ ಓಡಾಡಿಕೊಂಡಿದ್ದರೆ, ಬೀದಿ ಕೊನೆಯಲ್ಲೇ ಮುಗಿಯುತ್ತಿತ್ತು.

ಈಗ ಯಾವ ಆಸ್ಪತ್ರೆ ಅನ್ನುವ ಪ್ರಶ್ನೆ. ಬೆಂಗಳೂರಿನವರಿಗೆ ಇದರಲ್ಲಿ ಒಂದು ಅದೃಷ್ಟವಿದೆ. ಒಂದೊಂದು ಅಂಗಕ್ಕೂ ಒಂದೊಂದು ಸರ್ಕಾರಿ ಆಸ್ಪತ್ರೆ ಇದೆ. ಹೊಸೂರು ರಸ್ತೆ, ಸಿದ್ದಾಪುರದ ಆಸುಪಾಸಿನಲ್ಲೇ ತಲೆಗೆ ನಿಮ್ಹಾನ್ಸ್, ಮೂಳೆಗೆ ಸಂಜಯ್ ಗಾಂಧಿ, ಮಕ್ಕಳಿಗೆ ಇಂದಿರಾ ಗಾಂಧಿ, ಕ್ಯಾನ್ಸರ್‌ಗೆ ಕಿದ್ವಾಯಿ. ಸ್ವಲ್ಪ ಮುಂದೆ ಬನ್ನೇರುಘಟ್ಟ ರಸ್ತೆಯಲ್ಲಿ ಹೃದಯಕ್ಕೆ ಜಯದೇವ. ಕೆ.ಆರ್. ಮಾರ್ಕೆಟ್ ಕಡೆ ಹೋದರೆ 1900ರಿಂದ ನಡೆಯುತ್ತಿರುವ ವಿಕ್ಟೋರಿಯಾ. ಸುಟ್ಟ ಗಾಯಕ್ಕೆ ಅಲ್ಲಿ ಬೇರೆಯೇ ವಾರ್ಡ್ ಇದೆ. ಹೆರಿಗೆಗೆ ವಾಣಿವಿಲಾಸ, ಕಣ್ಣಿಗೆ ಮಿಂಟೋ. ದೀಪಾವಳಿ ಬಂದರೆ ಮಿಂಟೋದವರು ಪಟಾಕಿ ಗಾಯಗಳಿಗೆ ಹಾಸಿಗೆ ತಯಾರು ಮಾಡಿಕೊಂಡು ಕಾಯುತ್ತಾರೆ.

ಪಕ್ಕದ ಮನೆಯವರು ನಿಮ್ಹಾನ್ಸ್ ಅಂದರು. ತಲೆ ಪೆಟ್ಟಿಗೆ ಅಲ್ಲಿಗಿಂತ ಅನುಭವ ಇರುವವರು ಈ ರಾಜ್ಯದಲ್ಲಿ ಸಿಗುವುದು ಕಷ್ಟ, ಅದು ನನಗೂ ಗೊತ್ತು. ಅಪ್ಪನಿಗೆ ಪ್ರಜ್ಞೆ ಮಂಕಾಗಿದ್ದರೆ, ಫಿಟ್ಸ್ ಬಂದಿದ್ದರೆ, ಅಶೋಕ ಪಿಲ್ಲರ್ ಹಾದು ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಆದರೆ ಬಳ್ಳಾರಿಯಿಂದಲೂ ಚಾಮರಾಜನಗರದಿಂದಲೂ ಆಂಬ್ಯುಲೆನ್ಸ್‌ಗಳು ಬಂದು ನಿಲ್ಲುವ ಜಾಗ ಅದು. ನಡೆದಾಡುತ್ತಾ, ಮಾತಾಡುತ್ತಾ ಇರುವ ಅಪ್ಪ ಅಲ್ಲಿ ಕಾಯಬೇಕಾಗುತ್ತದೆ, ಕಾಯುವುದೇ ನ್ಯಾಯ ಕೂಡ. ಜೊತೆಗೆ ಅಪ್ಪನಿಗೆ ಇನ್ಶೂರೆನ್ಸ್ ಇತ್ತು. ಹತ್ತಿರದ ಖಾಸಗಿ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದೆ. ಈಗ ಸಿಟಿ ಮಷೀನ್ ನಡೀತಿದೆಯಾ? ನ್ಯೂರೋ ಸರ್ಜನ್ ರಾತ್ರಿ ಬರ್ತಾರಾ? ಎರಡಕ್ಕೂ ಹೌದು ಅಂದರು. ಬೋರ್ಡ್ ಮೇಲೆ 24 ಗಂಟೆ ಅಂತ ಬರೆದಿರುವ ಎಷ್ಟೋ ಕಡೆ ಮಷೀನ್ ಇರುತ್ತದೆ, ಅದನ್ನು ನಡೆಸುವವರು ಇರುವುದಿಲ್ಲ.

108ಕ್ಕೆ ಕರೆ ಮಾಡಬೇಕಾ ಅಂತಲೂ ಯೋಚಿಸಿದೆ. 2008ರ ರಾಜ್ಯೋತ್ಸವದ ದಿನ ಶುರುವಾದ ಸೇವೆ ಅದು, ದುಡ್ಡಿಲ್ಲ. ಉಸಿರಾಟದ ತೊಂದರೆ, ಎದೆನೋವು, ಕುತ್ತಿಗೆ ಬೆನ್ನಿಗೆ ಪೆಟ್ಟು ಇದ್ದರೆ ಕಾರಿನಲ್ಲಿ ಎತ್ತಿ ಹಾಕಿಕೊಂಡು ಹೋಗುವುದಕ್ಕಿಂತ ಅದೇ ವಾಸಿ. ಒಳಗೆ ಆಮ್ಲಜನಕ ಇರುತ್ತದೆ, ತರಬೇತಿ ಆದವರಿರುತ್ತಾರೆ. ಅಪ್ಪನಿಗೆ ಕುತ್ತಿಗೆ ನೋವಿರಲಿಲ್ಲ, ಕೈಕಾಲು ಆಡುತ್ತಿದ್ದವು. ಪಕ್ಕದ ಮನೆಯ ಹುಡುಗ ಕಾರು ತೆಗೆದ. ನಾನು ಹಿಂದೆ ಕೂತು ಪಂಚೆ ಒತ್ತಿ ಹಿಡಿದುಕೊಂಡೆ. ಹೊರಡುವ ಮೊದಲು ಅಪ್ಪನ ಮಾತ್ರೆಗಳ ಡಬ್ಬಿಯನ್ನೇ ಬ್ಯಾಗಿಗೆ ಹಾಕಿಕೊಂಡೆ. ಪಕ್ಕದ ಮನೆಯ ಆಂಟಿ ಗೇಟಿನ ಹತ್ತಿರ, "ಆ ರಕ್ತ ತೆಳು ಮಾಡೋ ಮಾತ್ರೆ ಇವತ್ತೇ ನಿಲ್ಲಿಸಿಬಿಡಿ" ಅಂದರು. ತಲೆಯಾಡಿಸಿದೆ. ಇಂಥ ಮಾತಿಗೆ ಗೇಟಿನ ಹತ್ತಿರ ನಿಂತು ವಾದ ಮಾಡುವ ಹೊತ್ತಲ್ಲ ಅದು.

ಎಮರ್ಜೆನ್ಸಿ ಬಾಗಿಲಲ್ಲಿ ಗಾಲಿಕುರ್ಚಿ ಬಂತು. ಅಪ್ಪ ಬೇಡ ಅಂದರು, ಕೂರಿಸಿದೆವು. ಒಳಗೆ ಮೊದಲು ನೋಡುವುದು ಡಾಕ್ಟರ್ ಅಲ್ಲ, ಟ್ರಯಾಜ್ ಸಿಸ್ಟರ್, ಅಂದರೆ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವವರು. ಕೇರಳದ ಕಡೆಯವರಿರಬೇಕು, ಅವರ ಕನ್ನಡಕ್ಕೆ ಆ ರಾಗವಿತ್ತು. ಬಿಪಿ, ನಾಡಿ, ಬೆರಳಿಗೆ ಆಕ್ಸಿಜನ್ ಕ್ಲಿಪ್, ಸಕ್ಕರೆ ಪರೀಕ್ಷೆಗೆ ಒಂದು ಹನಿ ರಕ್ತ. ಕೈಯೂ ನಿಲ್ಲಲಿಲ್ಲ, ಪ್ರಶ್ನೆಯೂ ನಿಲ್ಲಲಿಲ್ಲ. ಪ್ರಜ್ಞೆ ತಪ್ಪಿತ್ತಾ? ವಾಂತಿ ಆಯ್ತಾ? ಬಿದ್ದದ್ದು ನೆನಪಿದೆಯಾ? ಇವತ್ತು ಯಾವ ವಾರ? ಜಾರಿ ಬಿದ್ರಾ, ತಲೆ ಸುತ್ತಿ ಬಿದ್ರಾ?

"ಜಾರಿ" ಅಂದರು ಅಪ್ಪ, ಖಡಾಖಂಡಿತವಾಗಿ.

ನಾನು ಮಾತ್ರೆ ಡಬ್ಬಿ ತೆಗೆದಿಟ್ಟೆ. ಕ್ಲೊಪಿಡೋಗ್ರೆಲ್ ಪಟ್ಟಿ ನೋಡಿದ ಕೂಡಲೇ ಸಿಸ್ಟರ್ ಅಪ್ಪನ ಕೈಗೆ ಹಳದಿ ಪಟ್ಟಿ ಕಟ್ಟಿದರು. ಕೆಂಪು ಅಂದರೆ ಈ ಕ್ಷಣ, ಹಳದಿ ಅಂದರೆ ಬೇಗ, ಹಸಿರು ಅಂದರೆ ಕಾಯಬಹುದು.

ಅಲ್ಲಿ ಕೂತವರಿಗೆ ಈ ಬಣ್ಣದ ಲೆಕ್ಕ ಯಾರೂ ಹೇಳಿರುವುದಿಲ್ಲ. ಜಗಳ ಶುರುವಾಗುವುದೇ ಅಲ್ಲಿ. ನಮಗಿಂತ ಮೊದಲು ಬಂದಿದ್ದ ಒಂದು ಕುಟುಂಬ ಇತ್ತು. ಐದಾರು ವರ್ಷದ ಮಗು, ಜ್ವರ. ಮಗು ಅಪ್ಪನ ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಾ ಬಿಸ್ಕತ್ತು ತಿನ್ನುತ್ತಿತ್ತು. ತಾಯಿ ಕೌಂಟರಿಗೆ ಹೋಗಿ, "ನಾವು ಬಂದು ಒಂದು ಗಂಟೆ ಆಯ್ತು, ಈಗ ಬಂದೋರನ್ನ ಒಳಗೆ ಕಳಿಸ್ತೀರಲ್ಲ" ಅಂತ ದನಿ ಏರಿಸಿದರು. ಆಕೆಯ ಸಿಟ್ಟು ನನಗೆ ಅರ್ಥವಾಯಿತು. ಆದರೆ ಬಿಸ್ಕತ್ತು ತಿನ್ನುವ ಮಗು ಕಾಯಬಹುದಾದ ಮಗು. ಇದು ಬ್ಯಾಂಕಿನ ಟೋಕನ್ ಥರ ಅಲ್ಲ. ಇಲ್ಲಿ ನಿಮ್ಮನ್ನು ಯಾರೂ ಕರೆಯುತ್ತಿಲ್ಲ ಅಂದರೆ ಒಂದು ರೀತಿ ಒಳ್ಳೆಯ ಸುದ್ದಿಯೇ. ಅದೇ ಮಗು ಹಾಲು ನೀರು ಬೇಡ ಅಂದು ಜೋತು ಬಿದ್ದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆಳೆದುಕೊಳ್ಳುತ್ತಿದ್ದರೆ, ಮೂರು ತಿಂಗಳೂ ತುಂಬದ ಕೂಸಾಗಿ ಜ್ವರ ಬಂದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಒಬ್ಬ ಐಟಿ ಹುಡುಗ ಎದೆ ಹಿಡಿದುಕೊಂಡು ಬಂದ. ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡ್ ಇನ್ನೂ ಇತ್ತು, ಭಾನುವಾರವೂ. ಅವನನ್ನು ಕೂರಲೂ ಬಿಡಲಿಲ್ಲ, ನೇರ ಇಸಿಜಿಗೆ ಕರೆದುಕೊಂಡು ಹೋದರು. ಎದೆನೋವು ಅಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಎಲ್ಲಾ ಕಡೆ ಇರುವ ನಿಯಮ. ಸ್ವಲ್ಪ ಹೊತ್ತಿಗೆ ಅವನ ಗೆಳೆಯ ನಗುತ್ತಾ ಹೊರಗೆ ಬಂದು ಫೋನಿನಲ್ಲಿ, "ಗ್ಯಾಸ್ಟ್ರಿಕ್ಕಂತೆ ಮಗಾ" ಅಂದ. ನನಗೆ ನಗು ಬರಲಿಲ್ಲ. ನಮ್ಮ ಊರಿನಲ್ಲಿ ಉಲ್ಟಾ ಆಗುವುದೇ ಜಾಸ್ತಿ. ಎದೆ ಬಿಗಿತ, ಬೆವರು, ಎಡಗೈ ನೋವು, ಎಲ್ಲಕ್ಕೂ ಮನೆಯಲ್ಲಿ ಒಂದೇ ಮಾತು, ಗ್ಯಾಸು. ಈನೋ ಕುಡಿದು, ಜೀರಿಗೆ ಕಷಾಯ ಕುಡಿದು, ಬೆಳಗಿನ ಜಾವದವರೆಗೆ ಕಾಯುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಜಯದೇವದ ಮುಂದೆ ತಪಾಸಣೆಗೆ ಜನ ಕ್ಯೂ ನಿಂತಿದ್ದರು. ಆ ಹೆದರಿಕೆ ಕೆಲವು ವಾರ ಇತ್ತು. ಆಮೇಲೆ ಮತ್ತೆ ಈನೋ. ಆ ಹುಡುಗ ಬಂದದ್ದು ಸರಿಯಾದ ಜಾಗಕ್ಕೆ. ಇಸಿಜಿ ಮಾಡಿಸಿಕೊಂಡು ಗ್ಯಾಸ್ಟ್ರಿಕ್ ಅನ್ನಿಸಿಕೊಳ್ಳುವುದು ಬೇರೆ, ನಾವೇ ಅಂದುಕೊಳ್ಳುವುದು ಬೇರೆ.

ಆಮೇಲೆ ಒಬ್ಬ ಡೆಲಿವರಿ ಹುಡುಗನನ್ನು ಕರೆತಂದರು. ಗುಂಡಿಗೆ ಬೈಕ್ ಬಿದ್ದು ಮೊಣಕಾಲು ಊದಿತ್ತು. ಅಪಘಾತ ಆದ್ದರಿಂದ ಎಂಎಲ್‌ಸಿ, ಅಂದರೆ ಪೊಲೀಸರಿಗೆ ಮಾಹಿತಿ ಹೋಗಬೇಕಾದ ಕೇಸು. ಕರೆತಂದವನು ದಾರಿಹೋಕ. "ನನ್ನ ಹೆಸರು ಬೇಡಪ್ಪ, ಸ್ಟೇಷನ್ನಿಗೆ ಅಲೆಯೋಕಾಗಲ್ಲ" ಅಂತ ಹಿಂದೆ ಸರಿಯುತ್ತಿದ್ದ. ಅವನ ಹೆದರಿಕೆಗೆ ಈಗ ಕಾರಣವಿಲ್ಲ. ಸಹಾಯ ಮಾಡಿದವರು ಹೆಸರು ಕೊಡಲೇಬೇಕು ಅಂತಿಲ್ಲ, ಅವರನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಪೊಲೀಸರು ಬರಲಿ ಅಂತ ಚಿಕಿತ್ಸೆ ನಿಲ್ಲಿಸುವಂತೆಯೂ ಇಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದ ಮಾತದು. ರಸ್ತೆ ಅಪಘಾತಕ್ಕೆ 2025ರ ಮೇ ತಿಂಗಳಲ್ಲಿ ಕೇಂದ್ರದ ಹೊಸ ಯೋಜನೆಯೂ ಬಂದಿದೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ರೋಗಿ ದುಡ್ಡು ಕಟ್ಟಬೇಕಿಲ್ಲ. ಆ ಹುಡುಗನ ಗೆಳೆಯರು ಮಾತ್ರ ಹೊರಗೆ ಫೋನ್‌ಪೇನಲ್ಲಿ ಐನೂರು, ಇನ್ನೂರು ಅಂತ ಸೇರಿಸುತ್ತಿದ್ದರು. ಕೌಂಟರಿನಲ್ಲಿ ಈ ಯೋಜನೆ ಕೇಳಿ ಅಂತ ಹೇಳಿ ನಾನು ಒಳಗೆ ಹೋದೆ, ಅಪ್ಪನನ್ನು ಸ್ಕ್ಯಾನ್‌ಗೆ ಕರೆದಿದ್ದರು.

ಸಿಟಿ ಐದು ನಿಮಿಷದ ಕೆಲಸ. ಹೊಲಿಗೆಗೆ ಅದಕ್ಕಿಂತ ಹೊತ್ತು ಹಿಡಿಯಿತು. ರಿಪೋರ್ಟ್ ಬರುವವರೆಗೆ ಇಸಿಜಿಯೂ ಆಯಿತು, ಟಿಟಿಯೂ ಆಯಿತು. ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ, ಬಿರುಕಿಲ್ಲ. ತಂಗಿಗೆ ಮೆಸೇಜ್ ಹಾಕಿದೆ. ಅವಳು ಅಲ್ಲಿ ಅತ್ತಳಂತೆ, ಆಮೇಲೆ ಹೇಳಿದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆಸ್ಪತ್ರೆಯಲ್ಲಿ ನಿಜವಾದ ಕಷ್ಟ ಇಲ್ಲಿಂದ ಶುರುವಾಯಿತು.

ಬಿಲ್ಲಿಂಗ್‌ನಿಂದ ಒಬ್ಬರು ಬಂದು, "ಸರ್‌ಗೆ ಇನ್ಶೂರೆನ್ಸ್ ಇದೆ ಅಲ್ವಾ? ಐಸಿಯುನಲ್ಲಿ ಅಬ್ಸರ್ವೇಷನ್‌ಗೆ ಅಡ್ಮಿಟ್ ಮಾಡಿಬಿಡೋಣ. ಕ್ಯಾಶ್‌ಲೆಸ್ ಆಗತ್ತೆ. ಹಾಗೇ ಮನೆಗೆ ಹೋದ್ರೆ ಪೂರ್ತಿ ಕೈಯಿಂದ ಕಟ್ಟಬೇಕು" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮಲ್ಲಿ ಸಾಮಾನ್ಯ ಪಾಲಿಸಿಗಳು 24 ಗಂಟೆ ಒಳರೋಗಿ ಆಗಿದ್ದರೆ ಮಾತ್ರ ದುಡ್ಡು ಕೊಡುತ್ತವೆ. ಅದೇ ದಿನ ಮುಗಿಯುವ ಡೇಕೇರ್ ಪಟ್ಟಿಯಲ್ಲಿರುವ ಕೆಲವು ಚಿಕಿತ್ಸೆಗಳು ಬಿಟ್ಟರೆ, ಎಮರ್ಜೆನ್ಸಿಗೆ ಬಂದು ಎರಡು ಮೂರು ಗಂಟೆಯಲ್ಲಿ ವಾಪಸ್ ಹೋದವರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಆ ರಾತ್ರಿ ಒಂದು ವಿಚಿತ್ರ ಗಣಿತ ಎದುರಾಗುತ್ತದೆ. ಮನೆಗೆ ಹೋದರೆ ನಮ್ಮ ಜೇಬಿನಿಂದ ಸಾವಿರಗಳು. ಐಸಿಯುನಲ್ಲಿ ಮಲಗಿಸಿದರೆ ಹತ್ತಾರು ಸಾವಿರ, ಆದರೆ ಬೇರೆಯವರ ಜೇಬಿನಿಂದ. ಯಾರಿಗೆ ಆಸೆಯಾಗುವುದಿಲ್ಲ ಹೇಳಿ.

ನಾನು ಬಿಲ್ಲಿಂಗ್‌ನವರನ್ನು ಪಕ್ಕಕ್ಕಿಟ್ಟು ಎಮರ್ಜೆನ್ಸಿ ಡಾಕ್ಟರ್ ಹತ್ತಿರ ಹೋದೆ. ಕೇಳಿದ್ದು ಒಂದೇ. "ಇನ್ಶೂರೆನ್ಸ್ ಇಲ್ಲ ಅಂತ ಅಂದುಕೊಳ್ಳಿ. ಆಗಲೂ ಐಸಿಯು ಬೇಕು ಅಂತೀರಾ?"

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಐಸಿಯು ಬೇಕಿಲ್ಲ ಅಂದರು. ಆದರೆ ಕೂಡಲೇ ಕಳಿಸುವುದೂ ಇಲ್ಲ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪರೂಪಕ್ಕೆ ತಡವಾಗಿ ರಕ್ತ ಒಸರುತ್ತದೆ. ಸಾಧ್ಯತೆ ಕಡಿಮೆ, ಆದರೆ ಸೊನ್ನೆ ಅಲ್ಲ. ಇನ್ನು ಕೆಲವು ಗಂಟೆ ಎಮರ್ಜೆನ್ಸಿ ಹಾಸಿಗೆಯಲ್ಲೇ ಇರಲಿ, ನಾವು ಮತ್ತೆ ಮತ್ತೆ ನೋಡುತ್ತೇವೆ. ಸರಿಯಾಗಿದ್ದರೆ, ಮನೆಯಲ್ಲಿ ರಾತ್ರಿ ಪಕ್ಕದಲ್ಲಿ ಯಾರಾದರೂ ಇರುವುದಾದರೆ, ಕಳಿಸುತ್ತೇನೆ. ಒಬ್ಬರೇ ಇರುವವರಾದರೆ ಅಡ್ಮಿಟ್ ಮಾಡುತ್ತಿದ್ದೆ. ಇಷ್ಟು ಸ್ಪಷ್ಟವಾಗಿ ಹೇಳಿದ ಡಾಕ್ಟರ್ ಬಗ್ಗೆ ನನಗೆ ಗೌರವವಿದೆ. ಅಲ್ಲಿ ಕೂತ ಮೇಲೆ ಬಿಲ್ಲಿಂಗ್‌ನ ಮಾತನ್ನೂ ವೈದ್ಯರ ಮಾತನ್ನೂ ಒಂದೇ ಆಸ್ಪತ್ರೆಯ ಮಾತು ಅಂತ ತಿಳಿದುಕೊಂಡರೆ ಕೆಟ್ಟೆವು.

ಅಡ್ಮಿಟ್ ಆಗಲೇಬೇಕಾದವರಿಗೆ ಒಂದು ವಿಷಯ. 2024ರ ಮೇನಲ್ಲಿ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ಹೊಸ ನಿಯಮ ತಂದಿದೆ. ಕ್ಯಾಶ್‌ಲೆಸ್‌ಗೆ ಕೇಳಿದ ಒಂದು ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಉತ್ತರ ಕೊಡಬೇಕು, ಡಿಸ್ಚಾರ್ಜ್ ವೇಳೆ ಮೂರು ಗಂಟೆಯೊಳಗೆ. ಮತ್ತೆ, ನಮ್ಮ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗ ತುರ್ತು ಚಿಕಿತ್ಸೆಗೆ ಮುಂಗಡಕ್ಕೆ ಒತ್ತಾಯ ಮಾಡಬಾರದು ಅಂತ ಸೇರಿಸಿದ್ದಾರೆ. ಆ ತಿದ್ದುಪಡಿ ವಿರೋಧಿಸಿ ಡಾಕ್ಟರುಗಳು ಮುಷ್ಕರ ಮಾಡಿದ್ದು ಹಲವರಿಗೆ ನೆನಪಿರಬಹುದು. ನಮ್ಮನ್ನು ಸ್ಕ್ಯಾನಿಗೆ ಮೊದಲು ಅಡ್ವಾನ್ಸ್ ಕಟ್ಟಿ ಅಂದಿದ್ದರು. "ಮೊದಲು ಸ್ಕ್ಯಾನ್ ಮಾಡಿ, ನಾನು ಇಲ್ಲೇ ಇರ್ತೀನಿ" ಅಂದೆ. ದನಿ ಏರಿಸಲಿಲ್ಲ. ಮಾಡಿದರು.

ಬಿಲ್ 11 ಸಾವಿರ ಚಿಲ್ಲರೆ ಆಯಿತು. ಅದರಲ್ಲಿ ಹೊಲಿಗೆಯದೇ ದೊಡ್ಡ ಪಾಲು. ಹುಬ್ಬಿನ ಹತ್ತಿರ ಅಂತ ಪ್ಲಾಸ್ಟಿಕ್ ಸರ್ಜನ್ ಬಂದು ಹಾಕಿದ್ದರು. ಅಪ್ಪನ ಸೌಂದರ್ಯಕ್ಕೆ ಈ ವಯಸ್ಸಿನಲ್ಲಿ ಅಷ್ಟು ಬೇಕಿತ್ತಾ ಅನ್ನುವುದು ಅಪ್ಪನದೇ ಪ್ರಶ್ನೆ. ಅದನ್ನು ಅವರು ಕಾರಿನಲ್ಲಿ ಮೂರು ಸಲ ಕೇಳಿದರು.

ಮನೆಗೆ ಬಂದಾಗ ಬೆಳಗಿನ ಜಾವ. "ನಿದ್ದೆ ಮಾಡೋಕೆ ಬಿಡಬೇಡಿ" ಅಂತ ಫೋನಿನಲ್ಲಿ ದೊಡ್ಡಪ್ಪ ಹೇಳಿದ್ದರು. ಡಾಕ್ಟರ್ ಹೇಳಿದ್ದು ಬೇರೆ. ಮಲಗಲಿ, ಎರಡು ಗಂಟೆಗೊಮ್ಮೆ ಎಬ್ಬಿಸಿ ಮಾತಾಡಿಸಿ. ಎಬ್ಬಿಸಿದರೆ ಏಳದಿದ್ದರೆ, ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ವಾಪಸ್ ಬನ್ನಿ, ಫೋನ್ ಮಾಡುತ್ತಾ ಕೂರಬೇಡಿ. ರಕ್ತ ತೆಳು ಮಾಡುವ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್ ಆಗುತ್ತದೆ, ಹೃದಯದ ಡಾಕ್ಟರನ್ನು ಕೇಳಿ. ಬೆಳಿಗ್ಗೆ ಕೇಳಿದೆ, ಮುಂದುವರಿಸಿ ಅಂದರು. ಆಂಟಿಗೆ ಇದನ್ನು ಹೇಳಿದಾಗ, "ಏನೋಪ್ಪ, ಕಾಲ ಕೆಟ್ಟಿದೆ" ಅಂದರು. ಕಾಲಕ್ಕೂ ಕ್ಲೊಪಿಡೋಗ್ರೆಲ್‌ಗೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ. ರಾತ್ರಿ ಎಬ್ಬಿಸಿದಾಗಲೆಲ್ಲ ಅಪ್ಪ ತಮ್ಮ ಹೆಸರು, ನನ್ನ ಹೆಸರು ಸರಿಯಾಗಿ ಹೇಳಿದರು. ಕೊನೆಯ ಸಲ ಎಬ್ಬಿಸಿದಾಗ ಮಾತ್ರ, "ನೀನು ಯಾರೋ ಗೊತ್ತಿಲ್ಲ, ಹೋಗಿ ಮಲ್ಕೋ" ಅಂದರು. ನನ್ನ ಎದೆ ಧಸಕ್ಕಂದಿತು. ಅವರು ನಗುತ್ತಿದ್ದರು.

ಹೊಲಿಗೆ ಬಿಚ್ಚಲು ಐದನೇ ದಿನ ಪ್ಲಾಸ್ಟಿಕ್ ಸರ್ಜರಿ ಓಪಿಡಿಗೆ ಬನ್ನಿ ಅಂತ ಚೀಟಿಯಲ್ಲಿ ಬರೆದಿದ್ದರು. ಅಪ್ಪ ಒಪ್ಪಲಿಲ್ಲ. ಬೀದಿ ಕೊನೆಯ ನರ್ಸಿಂಗ್ ಹೋಮ್‌ಗೆ ತಾವೇ ನಡೆದು ಹೋದರು. ಸಿಸ್ಟರ್ ಬಿಚ್ಚಿದರು. ಫೋನ್ ಎತ್ತಿದ್ದ ಡಾಕ್ಟರ್ ಅಂದು ಡ್ಯೂಟಿಯಲ್ಲಿರಲಿಲ್ಲ. ಇದ್ದಿದ್ದರೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು.

ಆ ವಾರವೇ ಡಿಸ್ಚಾರ್ಜ್ ಸಮರಿ ಹಿಡಿದುಕೊಂಡು ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದೆವು. ಅವರದು ಗಾಂಧಿ ಬಜಾರ್ ಕಡೆಯ ಹಳೇ ಕ್ಲಿನಿಕ್, ಮರದ ಬೆಂಚು, ಗೋಡೆಯಲ್ಲಿ ಕ್ಯಾಲೆಂಡರ್. ಸ್ಕ್ಯಾನ್ ರಿಪೋರ್ಟನ್ನು ಅರ್ಧ ನಿಮಿಷ ನೋಡಿ ಮೇಜಿನ ಮೇಲಿಟ್ಟರು.

"ತಲೆ ಸರಿ ಇದೆ. ಬಿದ್ದಿದ್ದು ಯಾಕೆ?"

"ಜಾರಿದೆ."

"ನೆಲ ಒದ್ದೆ ಇತ್ತಾ?"

ಅಪ್ಪ ಸುಮ್ಮನಾದರು. ಅಂದು ಬಚ್ಚಲ ನೆಲ ಒಣಗಿತ್ತು. ರಕ್ತ ಒರೆಸಿದವಳು ನಾನು, ನನಗೆ ನೆನಪಿತ್ತು.

ಡಾಕ್ಟರ್ ಅಪ್ಪನನ್ನು ಮಲಗಿಸಿ ಬಿಪಿ ನೋಡಿದರು. ಆಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಮಲಗಿದಾಗ 138 ಇದ್ದದ್ದು ನಿಂತಾಗ 110ಕ್ಕೆ ಇಳಿದಿತ್ತು. ನಿಂತಾಗ 20 ಇಳಿದರೇ ಜಾಸ್ತಿ ಅಂತ ಲೆಕ್ಕವಂತೆ. ಮಾತ್ರೆ ಡಬ್ಬಿ ಕೇಳಿದರು. ಒಂದೊಂದಾಗಿ ತೆಗೆದು, ಒಂದು ಕ್ಯಾಪ್ಸೂಲ್ ಪಟ್ಟಿ ಎತ್ತಿ ಹಿಡಿದರು. ಪ್ರಾಸ್ಟೇಟ್‌ಗೆ ಅಂತ ಹಿಂದಿನ ತಿಂಗಳು ಬೇರೆ ಡಾಕ್ಟರ್ ಬರೆದಿದ್ದ ಟ್ಯಾಮ್ಸುಲೋಸಿನ್. ಎದ್ದು ನಿಂತಾಗ ಬಿಪಿ ಇಳಿಸುವ ಗುಣ ಅದಕ್ಕಿದೆ. ಅಪ್ಪ ಅದನ್ನು ಸಂಜೆ ಕಾಫಿ ಜೊತೆ, ಬಿಪಿ ಮಾತ್ರೆಯ ಬೆನ್ನಿಗೇ ನುಂಗುತ್ತಿದ್ದರು.

"ಕಣ್ಣು ಕತ್ತಲೆ ಬಂತು ಸ್ವಲ್ಪ" ಅಂತ ಅಪ್ಪ ಕೊನೆಗೆ ಒಪ್ಪಿಕೊಂಡರು. "ಅಲ್ಲಿ ಅದನ್ನ ಹೇಳಿದ್ರೆ ಅಡ್ಮಿಟ್ ಮಾಡ್ತಾರೆ ಅಂತ ಹೇಳಲಿಲ್ಲ."

ಡಾಕ್ಟರ್ ಅಲ್ಲೇ ಯೂರಾಲಜಿಸ್ಟ್‌ಗೆ ಫೋನ್ ಮಾಡಿ ಮಾತಾಡಿದರು. ಆ ಕ್ಯಾಪ್ಸೂಲ್ ಇನ್ನು ರಾತ್ರಿ ಊಟವಾಗಿ ಮಲಗುವ ಹೊತ್ತಿಗೆ, ಬಿಪಿ ಮಾತ್ರೆ ಬೆಳಿಗ್ಗೆ. ರಾತ್ರಿ ಎದ್ದರೆ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ನಿಲ್ಲಬೇಕು. ಎರಡು ವಾರ ಬಿಟ್ಟು ಮತ್ತೆ ಬಂದು ಮಲಗಿಸಿ, ನಿಲ್ಲಿಸಿ ನೋಡೋಣ ಅಂದರು. ಫೀಸು 300 ರೂಪಾಯಿ. ಬಚ್ಚಲಿಗೆ ಹಿಡಿಕೆ ಹಾಕಿಸಲು ಮಾರನೇ ದಿನವೇ ಪ್ಲಂಬರ್‌ಗೆ ಹೇಳಿದೆ. ಅವನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಅನ್ನುತ್ತಿದ್ದಾನೆ.